ಹಲಸಿಯ ವರಾಹ, ಮುಂಡಗೋಡದ ಜಿಂಕೆ: ಗುಡಿಯ ಪ್ರಾಣಿಗಳನ್ನು ನೋಡಲು ಹೊರಟವರಿಗೆ

ಬೆಳಗಾವಿಯಿಂದ ಖಾನಾಪುರದ ಕಡೆ ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಕಣಕುಂಬಿಗೆ, ಭೀಮಗಡದ ಕಾಡಿಗೆ, ಇಲ್ಲವೇ ಗೋವಾಕ್ಕೆ ಎನ್ನುವವರೇ ಹೆಚ್ಚು. ಕಾಡಿನ ಪ್ರಾಣಿ ಕಣ್ಣಿಗೆ ಬೀಳುವುದು, ಬಿಡುವುದು ಅದರ ಮರ್ಜಿ. ಆದರೆ ಇದೇ ಸೀಮೆಯಲ್ಲಿ 800 ವರ್ಷಗಳಿಂದ ನಿಂತಲ್ಲೇ ನಿಂತಿರುವ ಪ್ರಾಣಿಗಳೂ ಇವೆ. ಹಂದಿಯ ಮುಖದ ದೇವರು, ಹೆಡೆ ಬಿಚ್ಚಿದ ಹಾವು, ರಾಜನ ನಾಣ್ಯಕ್ಕೇರಿದ ಸಿಂಹ. ಇಲ್ಲಿಂದ ಇನ್ನೊಂದಿಷ್ಟು ದೂರ ಹೋಗಲು ಸಿದ್ಧರಿದ್ದರೆ, ಮುಂಡಗೋಡದ ಟಿಬೆಟನ್ ಮಠಗಳ ಮಾಳಿಗೆಯ ಮೇಲೆ ಚಕ್ರದ ಎಡಬಲಕ್ಕೆ ಕುಳಿತ ಎರಡು ಜಿಂಕೆಗಳೂ ಸಿಗುತ್ತವೆ. ಎರಡು ದಿನ ಬಿಡುವು ಮಾಡಿಕೊಂಡರೆ ಜೈನ, ವೈಷ್ಣವ, ಶೈವ, ಬೌದ್ಧ ಎಂದು ನಾಲ್ಕೂ ಪರಂಪರೆಗಳ ಪ್ರಾಣಿಗಳನ್ನು ಒಂದೇ ತಿರುಗಾಟದಲ್ಲಿ ನೋಡಿ ಬರಬಹುದು. ಮಕ್ಕಳು ಜೊತೆಗಿದ್ದರೆ ಇನ್ನೂ ಒಳ್ಳೆಯದು. ದೊಡ್ಡವರು ಶಾಸನದ ಇಸವಿ ಹುಡುಕುವಷ್ಟರಲ್ಲಿ ಅವರು ಆನೆ, ಸಿಂಹ ಎಣಿಸಿ ಮುಗಿಸಿರುತ್ತಾರೆ.

ಹೊರಡುವ ಮುಂಚೆ ನೋಡುವ ಕ್ರಮ ಒಂದನ್ನು ರೂಢಿ ಮಾಡಿಕೊಂಡರೆ ಸಾಕು. ಯಾವ ಪ್ರಾಣಿ ಎಂದು ಗುರುತಿಸಿದ ಮೇಲೆ, ಅದು ಎಲ್ಲಿದೆ ಎಂದೂ ನೋಡಬೇಕು. ಈ ಎರಡನೆಯದನ್ನೇ ನಾವು ಬಿಟ್ಟುಬಿಡುತ್ತೇವೆ. ಸಿಂಹ ಒಂದೇ. ಜಿನಬಿಂಬದ ಪೀಠದ ನಡುವೆ ಕೆತ್ತಿದ್ದರೆ ಮೇಲೆ ಕುಳಿತಾತ ಮಹಾವೀರ. ಬುದ್ಧನ ಆಸನವನ್ನು ಹೊತ್ತಿದ್ದರೆ ಅದು ಶಾಕ್ಯಸಿಂಹನ ಪೀಠ. ಮನುಷ್ಯ ದೇಹದ ಮೇಲೆ ತಲೆಯಾಗಿ ಬಂದರೆ ನರಸಿಂಹ. ಹಾವೂ ಹಾಗೆಯೇ. ಪಾರ್ಶ್ವನಾಥನ ನೆತ್ತಿಯ ಮೇಲೆ ಹೆಡೆ ಬಿಚ್ಚಿದ್ದು ಧರಣೇಂದ್ರ, ಬುದ್ಧನ ಮೇಲೆ ಬಿಚ್ಚಿದ್ದು ಮುಚಲಿಂದ, ವಿಷ್ಣುವಿಗೆ ಹಾಸಿಗೆಯಾದದ್ದು ಶೇಷ. ಗೂಳಿ ಶಿವನ ಎದುರಿಗೆ ಕುಳಿತರೆ ನಂದಿ, ಜಿನನ ಪೀಠದಲ್ಲಿದ್ದರೆ ಆದಿನಾಥನ ಲಾಂಛನ. ಒಂದೇ ಪ್ರಾಣಿ ಒಂದು ಮತದಿಂದ ಇನ್ನೊಂದು ಮತಕ್ಕೆ ನಡೆದುಹೋಗಿದೆ, ಹೋದಲ್ಲೆಲ್ಲ ಕೆಲಸ ಬದಲಾಯಿಸಿದೆ. ಇದನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಕಲ್ಲಿನ ಮುಂದೆ ನಿಂತು ಕಂಡುಕೊಳ್ಳುವುದರಲ್ಲಿ ಹೆಚ್ಚು ಸುಖವಿದೆ. ಅದಕ್ಕೆ ಬೆಳಗಾವಿ-ಖಾನಾಪುರದಂಥ ಸೀಮೆ ಬೇರೆ ಸಿಗಲಾರದು ಎಂಬುದು ನನ್ನ ನಂಬಿಕೆ.

ಕೋಟೆಯೊಳಗಿನ ಬಸದಿ

ಶುರು ಬೆಳಗಾವಿ ಕೋಟೆಯಿಂದಲೇ ಆಗಲಿ. ಕೇಂದ್ರ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದು. ಕಂದಕ ದಾಟಿ ಒಳಗೆ ಹೋದರೆ ಕಮಲ ಬಸದಿ. ರಟ್ಟರ ಅರಸ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಣ, ಬೀಚಿರಾಜ ಎಂದೂ ಕರೆಯುತ್ತಾರೆ, 1204ರಲ್ಲಿ ಕಟ್ಟಿಸಿದ್ದು. ಆ ಕಾಲದ ಎರಡು ಶಾಸನಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ನಮ್ಮೂರ ಬಸದಿಯ ದಾನದ ಲೆಕ್ಕವನ್ನು ಸಮುದ್ರದಾಚೆ ಹೋಗಿ ಓದಬೇಕಾಗಿದೆ ಎಂದು ನೆನೆದಾಗಲೆಲ್ಲ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಎಲ್ಲರೂ ಕತ್ತೆತ್ತಿ ನೋಡುವುದು ಮುಖಮಂಟಪದ ಮಾಳಿಗೆಯಿಂದ ಕೆಳಮುಖವಾಗಿ ಇಳಿಬಿದ್ದ ಕಲ್ಲಿನ ಕಮಲವನ್ನು. ಅದರ 72 ದಳಗಳಲ್ಲಿ ಭೂತ, ವರ್ತಮಾನ, ಭವಿಷ್ಯ ಮೂರು ಕಾಲಗಳ ತಲಾ 24 ತೀರ್ಥಂಕರರು ಇದ್ದಾರೆ. ಅದನ್ನು ಕಣ್ತುಂಬ ನೋಡಿ. ಆಮೇಲೆ ದೃಷ್ಟಿ ಕೆಳಗಿಳಿಸಿ ಬಿಂಬಗಳ ಪೀಠ, ನೆತ್ತಿ ಗಮನಿಸಿ. ಪಾರ್ಶ್ವನಾಥ ಹೆಡೆಗಳಿಂದಲೇ ಗುರುತು ಸಿಗುತ್ತಾನೆ. ಉಳಿದವರನ್ನು ಗುರುತಿಸಲು ಪೀಠದ ಲಾಂಛನ ಬೇಕು. ಆದಿನಾಥನಿಗೆ ಗೂಳಿ, ಅಜಿತನಾಥನಿಗೆ ಆನೆ, ಸಂಭವನಾಥನಿಗೆ ಕುದುರೆ, ಅಭಿನಂದನನಿಗೆ ಕೋತಿ, ಶಾಂತಿನಾಥನಿಗೆ ಜಿಂಕೆ, ಮಹಾವೀರನಿಗೆ ಸಿಂಹ. ಇಷ್ಟು ನೆನಪಿಟ್ಟುಕೊಂಡರೆ ಕರ್ನಾಟಕದ ಯಾವ ಬಸದಿಗೆ ಹೋದರೂ ಅರ್ಧ ದಾರಿ ಗೊತ್ತಿದ್ದಂತೆ.

ಗರ್ಭಗುಡಿಯಲ್ಲಿರುವ ಕಪ್ಪು ಶಿಲೆಯ ನೇಮಿನಾಥನಿಗೆ ಮಾತ್ರ ಪ್ರಾಣಿ ಲಾಂಛನವಿಲ್ಲ. ಅವನದು ಶಂಖ. ಆದರೆ ಪ್ರಾಣಿಗಳ ಮಾತು ಬಂದಾಗ ಮೊದಲು ಹೇಳಬೇಕಾದ ಕಥೆ ಅವನದೇ. ಮದುವೆಯ ದಿಬ್ಬಣ ಹೊರಟಿದೆ, ಮದುಮಗ ರಥದಲ್ಲಿದ್ದಾನೆ. ದಾರಿಯ ಬದಿಗೆ ಕಟ್ಟಿಹಾಕಿದ ಪಶುಗಳ ಕೂಗು ಕಿವಿಗೆ ಬೀಳುತ್ತದೆ. ಏಕೆ ಎಂದು ಕೇಳಿದರೆ, ನಿನ್ನ ಮದುವೆಯ ಊಟಕ್ಕೆ ಎಂದು ಉತ್ತರ. ರಥ ಅಲ್ಲಿಂದಲೇ ತಿರುಗಿತು, ಅವನು ವಿರಾಗಿಯಾದ. ಮಕ್ಕಳಿಗೆ ಈ ಕಥೆಯನ್ನು ಬಸದಿಯ ಕಟ್ಟೆಯ ಮೇಲೆ ಕೂತು ಹೇಳಿ, ಮನೆಯಲ್ಲಿ ಬೇಡ.

ಒಳಗೆ ಹೋಗುವಾಗ ಚರ್ಮದ ಬೆಲ್ಟು, ಪಾಕೀಟು ಹೊರಗಿಡಬೇಕು. ತಿಂಡಿಯ ಪೊಟ್ಟಣವೂ ಹೊರಗೇ. ಪಕ್ಕದ ಚಿಕ್ಕಿ ಬಸದಿ ಹಾಳುಬಿದ್ದಿದೆ ಎಂದು ಬಿಟ್ಟು ಬರಬೇಡಿ. ಅದರ ಹೊರಗೋಡೆಯ ಕೆಲಸವನ್ನು ಒಂದು ಸುತ್ತು ಹಾಕಿ ನೋಡಬೇಕು.

ಖಾನಾಪುರ ದಾಟಿ

ಬೆಳಗಾವಿಯಿಂದ ಖಾನಾಪುರಕ್ಕೆ 26 ಕಿ.ಮೀ. ಆಸುಪಾಸು. ಗೋವಾ ರಸ್ತೆಯಲ್ಲೇ ಹೋಗುವುದರಿಂದ ಬಸ್ಸಿಗೆ ಬರವಿಲ್ಲ. ಲೋಂಡಾ ಕಡೆಗೆ ಹೋಗುವ ರೈಲುಗಳಲ್ಲಿ ಖಾನಾಪುರದಲ್ಲಿ ನಿಲ್ಲುವುದನ್ನು ನೋಡಿಕೊಂಡು ಹತ್ತಿದರೂ ಆಯಿತು. ಅಲ್ಲಿಂದ ಹಲಸಿಗೆ ಸುಮಾರು 14 ಕಿ.ಮೀ., ನಂದಗಡದ ಮೇಲೆ ಹಾದು ಹೋಗಬೇಕು. ಹಲಸಿಗೆ ಬಸ್ಸು ಉಂಟು, ಆದರೆ ಹಳ್ಳಿಯ ಬಸ್ಸು. ಹೋಗುವ ಬಸ್ಸಿಗಿಂತ ಮರಳಿ ಬರುವ ಬಸ್ಸಿನ ವೇಳೆಯನ್ನು ಖಾನಾಪುರದ ನಿಲ್ದಾಣದಲ್ಲೇ ಕೇಳಿಕೊಳ್ಳಿ, ಹತ್ತಿದ ಮೇಲೆ ಕಂಡಕ್ಟರನ್ನೂ ಇನ್ನೊಮ್ಮೆ ಕೇಳಿ. ಕರ್ನಾಟಕದ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ, ಗುರುತಿನ ಚೀಟಿ ಕೈಯಲ್ಲಿರಲಿ. ನಾಲ್ಕೈದು ಜನ ಇದ್ದರೆ ಖಾನಾಪುರದಿಂದ ಆಟೋ ಮಾತಾಡಿಕೊಂಡು ಹೋಗುವುದೇ ವಾಸಿ. ಹಲಸಿ ನೋಡಿ, ರಾಮತೀರ್ಥಕ್ಕೂ ಏರಿ, ಕತ್ತಲಾಗುವುದರೊಳಗೆ ಮರಳಬಹುದು.

ನಂದಗಡದಲ್ಲಿ ಇಳಿಯದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ಊರು ಅದು. ಸಮಾಧಿಯ ಹತ್ತಿರ ಹತ್ತು ನಿಮಿಷ ನಿಂತು ಹೋಗಿ.

ಬುತ್ತಿ ಕಟ್ಟಿಕೊಂಡು ಹೋದರೆ ನೆಮ್ಮದಿ. ಹಲಸಿಯಲ್ಲಿ ಚಹಾ, ಚುನಮುರಿ ಸಿಕ್ಕೀತು, ಊಟದ ಖಾನಾವಳಿಯನ್ನು ನಂಬಿಕೊಂಡು ಹೋಗಬೇಡಿ. ಈ ಭಾಗದಲ್ಲಿ ಕನ್ನಡ, ಮರಾಠಿ ಎರಡೂ ಮನೆಮಾತು. ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರ ಬಂದರೂ ದಾರಿ ತಪ್ಪುವುದಿಲ್ಲ. ಕೈ ಮಾಡಿ ತೋರಿಸುತ್ತಾರೆ, ಕೆಲವೊಮ್ಮೆ ಜೊತೆಗೇ ನಡೆದು ಬರುತ್ತಾರೆ.

ಎದುರುಬದುರು ದೇವರು

ಹಲಸಿ ಇಂದು ಸಣ್ಣ ಊರು. ಒಂದು ಕಾಲಕ್ಕೆ ಪಲಾಶಿಕಾ ಎಂಬ ಹೆಸರಿನಲ್ಲಿ ಬನವಾಸಿ ಕದಂಬರ ಎರಡನೆಯ ರಾಜಧಾನಿ. ಕಾಕುತ್ಸ್ಥವರ್ಮ, ಮೃಗೇಶವರ್ಮ, ರವಿವರ್ಮರ ತಾಮ್ರಪಟಗಳು ಇಲ್ಲಿ ಸಿಕ್ಕಿವೆ. 19ನೇ ಶತಮಾನದಲ್ಲಿ ಜೆ. ಎಫ್. ಫ್ಲೀಟ್ ಅವುಗಳನ್ನು ಓದಿ ಪ್ರಕಟಿಸಿದರು. ಮೃಗೇಶವರ್ಮ ತನ್ನ ತಂದೆಯ ನೆನಪಿಗೆ ಪಲಾಶಿಕಾದಲ್ಲಿ ಜಿನಾಲಯ ಕಟ್ಟಿಸಿದ್ದು, ರವಿವರ್ಮ ಕಾರ್ತಿಕ ಮಾಸದಲ್ಲಿ ಎಂಟು ದಿನಗಳ ಜಿನೋತ್ಸವಕ್ಕೆ ಏರ್ಪಾಡು ಮಾಡಿದ್ದು ಎಲ್ಲವೂ ಅವುಗಳಿಂದಲೇ ತಿಳಿದದ್ದು. ಈಗ ಕಣ್ಣಿಗೆ ಕಾಣುವ ದೊಡ್ಡ ಗುಡಿ ಅದಕ್ಕಿಂತ ಏಳು ಶತಮಾನಗಳಷ್ಟು ಈಚಿನದು. ಗೋವಾ ಕದಂಬರ ಅಣ್ಣತಮ್ಮಂದಿರಾದ ಶಿವಚಿತ್ತ ಪೆರ್ಮಾಡಿ ಮತ್ತು ವಿಷ್ಣುಚಿತ್ತ ವಿಜಯಾದಿತ್ಯರ ಕಾಲಕ್ಕೆ ಸೇರಿದ್ದು. ಶಾಸನದಲ್ಲಿ ಶಕವರ್ಷದ ಬದಲು ಕಲಿಯುಗದ ವರ್ಷ 4270 ಎಂದಿದೆ, ಅಂದರೆ ಕ್ರಿ.ಶ. 1169. ಅಣ್ಣನ ಹೆಸರಲ್ಲಿ ಶಿವ, ತಮ್ಮನ ಹೆಸರಲ್ಲಿ ವಿಷ್ಣು. ಊರಿನ ಗುಡಿಗಳೂ ಹಾಗೇ ಇವೆ. ಭೂವರಾಹ ನರಸಿಂಹನ ಜೊತೆಗೆ ಕಲ್ಲೇಶ್ವರ, ಸುವರ್ಣೇಶ್ವರ, ಅಷ್ಟು ದೂರದಲ್ಲಿ ಹಳೆಯ ಜೈನ ಬಸದಿ.

ಭೂವರಾಹ ನರಸಿಂಹ ಗುಡಿಯ ವಿಶೇಷ ಹೊರಗಿನಿಂದ ತಿಳಿಯದು. ಒಳಗೆ ಎರಡು ಗರ್ಭಗುಡಿಗಳು ಒಂದಕ್ಕೊಂದು ಎದುರಾಗಿವೆ. ಒಂದರಲ್ಲಿ ಧ್ಯಾನಕ್ಕೆ ಕುಳಿತಂತಿರುವ ವಿಷ್ಣು, ಅವನ ಪಕ್ಕದಲ್ಲಿ ಸಣ್ಣದೊಂದು ನರಸಿಂಹ, ಹಿಂದೆ ಸೂರ್ಯನಾರಾಯಣ ಮತ್ತು ಮಹಾಲಕ್ಷ್ಮಿ. ಇನ್ನೊಂದರಲ್ಲಿ ಆಳೆತ್ತರಕ್ಕೆ ಹತ್ತಿರವಾದ ವರಾಹ. ನಡುವಿನ ಮಂಟಪದಲ್ಲಿ ನಿಂತವರು ಯಾರಿಗೆ ಮುಖ ಮಾಡಿದರೂ ಇನ್ನೊಬ್ಬರಿಗೆ ಬೆನ್ನು ಮಾಡಿದಂತಾಗುತ್ತದೆ. ಹಾಗಾಗಿ ಒಂದು ಬದಿಗೆ ಸರಿದು, ಕಂಬಕ್ಕೆ ಒತ್ತಿ ನಿಂತು, ಇಬ್ಬರನ್ನೂ ನೋಡಿ.

ವರಾಹನ ಮುಂದೆ ಆತುರ ಬೇಡ. ಹೊರಗಿನ ಬಿಸಿಲಿನಿಂದ ಒಳಗೆ ಬಂದ ಕಣ್ಣಿಗೆ ಮೊದಲು ಏನೂ ಕಾಣುವುದಿಲ್ಲ. ಎರಡು ನಿಮಿಷ ಸುಮ್ಮನೆ ನಿಂತರೆ ಮೂತಿಯ ಗೆರೆ ಕಾಣಿಸುತ್ತದೆ, ಆಮೇಲೆ ಕೋರೆ, ಆಮೇಲೆ ಕೋರೆಯ ಆಸರೆಯಲ್ಲಿರುವ ಭೂದೇವಿ. ಪೂಜಾರಿ ಅಲ್ಲಿದ್ದರೆ, "ಅಜ್ಜಾರ, ಸ್ವಲ್ಪ ದೀಪಾ ತೋರಸ್ತೀರೇನ್ರಿ?" ಎಂದು ಕೇಳಿ. ಇಲ್ಲ ಎನ್ನುವುದಿಲ್ಲ. ಮೊಬೈಲಿನ ಟಾರ್ಚು ಬೇಡ. ಅದರ ಬಿಳಿ ಬೆಳಕು ನೇರ ಬಿದ್ದರೆ ಕೆತ್ತನೆಯ ಆಳವೆಲ್ಲ ಚಪ್ಪಟೆಯಾಗುತ್ತದೆ. ಎಣ್ಣೆಯ ದೀಪವನ್ನು ಬದಿಯಿಂದ ಹಿಡಿದಾಗ ಮೂತಿಯ ನೆರಳು ಭುಜದ ಮೇಲೆ ಬೀಳುತ್ತದೆ, ಕುತ್ತಿಗೆ ತಿರುಗಿದ ಬಗೆ ಗೊತ್ತಾಗುತ್ತದೆ. ಶಿಲ್ಪಿಯ ಕಷ್ಟ ಇದ್ದದ್ದೇ ಅಲ್ಲಿ. ಮನುಷ್ಯನ ಹೆಗಲ ಮೇಲೆ ಹಂದಿಯ ತಲೆ ಕೂಡಿಸಬೇಕು, ಅದು ಮುಖವಾಡ ಕಟ್ಟಿದಂತೆ ಕಾಣಬಾರದು, ಭೂಮಿಯನ್ನೇ ಎತ್ತಿದವನ ಗಾಂಭೀರ್ಯವೂ ಇರಬೇಕು. ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರಷ್ಟು ಹಿಂದೆಯೇ ಇದೇ ವರಾಹ, ಇದೇ ನರಸಿಂಹ ಇಬ್ಬರೂ ಇದ್ದಾರೆ. ಅದನ್ನು ನೋಡಿದವರು ಹಲಸಿಗೆ ಬಂದರೆ ಹೋಲಿಕೆ ಮಾಡಿ ನೋಡಬಹುದು. ಬಾದಾಮಿಯ ವರಾಹ ಚಾಲುಕ್ಯರ ರಾಜಲಾಂಛನವೂ ಆಗಿದ್ದರಿಂದ ಅಲ್ಲಿ ಗೆದ್ದ ಅರಸನ ಠೀವಿಯಿದೆ. ಹಲಸಿಯದು ದಿನವೂ ನೈವೇದ್ಯ ಪಡೆಯುವ ಮನೆದೇವರು. ನನಗೆ ಹಲಸಿಯದೇ ಹೆಚ್ಚು ಹತ್ತಿರ.

ಗುಡಿಯಿಂದ ಹೊರಬಿದ್ದರೆ ಭತ್ತ, ಕಬ್ಬಿನ ಗದ್ದೆಗಳು. ರಾತ್ರಿ ಕಾಡುಹಂದಿ ನುಗ್ಗಿ ಕಬ್ಬು ಉರುಳಿಸುತ್ತದೆ, ಗದ್ದೆಯ ಬದು ಅಗೆಯುತ್ತದೆ. ರೈತರು ಮಾಳ ಕಟ್ಟಿ ಕಾವಲು ಕೂರುತ್ತಾರೆ. ರಾತ್ರಿಯೆಲ್ಲ ಹಂದಿ ಓಡಿಸಿದವರೇ ಮುಂಜಾನೆ ವರಾಹನಿಗೆ ಕೈ ಮುಗಿಯುತ್ತಾರೆ. ಮಣ್ಣು ಅಗೆಯುವ ಪ್ರಾಣಿಗೇ ಭೂಮಿಯನ್ನು ಮೇಲೆತ್ತುವ ಕೆಲಸ ಕೊಟ್ಟ ಹಿರಿಯರು ಹೊಲದಲ್ಲಿ ನಿಂತು ಅದನ್ನು ಚೆನ್ನಾಗಿ ನೋಡಿದ್ದರು ಎಂದೇ ನನಗೆ ಅನ್ನಿಸುವುದು.

ನಾಣ್ಯದ ಸಿಂಹ, ಬಸ್ಸಿನ ಸಿಂಹ

ಕದಂಬರದು ಸಿಂಹಲಾಂಛನ, ವಾನರಧ್ವಜ. ಗೋವಾ ಕದಂಬರ ಚಿನ್ನದ ನಾಣ್ಯಗಳ ಮೇಲೆ ಪಂಜ ಎತ್ತಿದ ಸಿಂಹ ಇರುತ್ತದೆ, ನಾರ್ವೆಯ ಸಪ್ತಕೋಟೇಶ್ವರನ ವರಪ್ರಸಾದದಿಂದ ರಾಜ್ಯ ಬಂತೆಂಬ ಮಾತೂ ಇರುತ್ತದೆ. ಇದನ್ನು ನೋಡಲು ವಸ್ತುಸಂಗ್ರಹಾಲಯಕ್ಕೇ ಹೋಗಬೇಕೆಂದಿಲ್ಲ. ಬೆಳಗಾವಿ ನಿಲ್ದಾಣಕ್ಕೆ ಬರುವ ಗೋವಾದ ಕದಂಬ ಸಾರಿಗೆ ಬಸ್ಸಿನ ಮೈಮೇಲೆ ಆ ಸಿಂಹ ಇಂದಿಗೂ ಓಡಾಡುತ್ತಿದೆ. ಹಲಸಿಗೆ ಹೋಗುವ ದಿನ ಮಕ್ಕಳಿಗೆ ಮೊದಲು ಬಸ್ಸಿನ ಸಿಂಹ ತೋರಿಸಿ. ಗುಡಿಯಲ್ಲಿ ಬಾಗಿಲವಾಡ, ಮೆಟ್ಟಿಲ ಬದಿ, ಶಿಖರದ ಮುಂಭಾಗ ಎಲ್ಲೆಲ್ಲಿ ಸಿಂಹ, ಆನೆ ಇವೆಯೆಂದು ಅವರೇ ಹುಡುಕುತ್ತಾರೆ. ಶಿಖರ ನೋಡುವಾಗ ಗುಡಿಯಿಂದ ಸಾಕಷ್ಟು ದೂರ ಸರಿಯಬೇಕು. ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಕಟ್ಟಣೆಗೆ ಕದಂಬ ಶಿಖರವೆಂದೇ ಹೆಸರು.

ರಾಮತೀರ್ಥದ ಗುಡ್ಡ ಹಲಸಿಯಿಂದ 2 ಕಿ.ಮೀ. ಮೇಲೆ ರಾಮೇಶ್ವರನ ಗುಡಿ, ತೀರ್ಥದ ಕೊಳ. ರಾಮ ಇಲ್ಲಿ ತಂಗಿದ್ದನೆಂದು ಊರವರು ಹೇಳುತ್ತಾರೆ. ಕಾಲಿಗೆ ತ್ರಾಣವಿದ್ದವರು ನಡೆದೇ ಹೋಗಿ. ಕೆಂಪು ಮಣ್ಣಿನ ದಾರಿ, ನಡುನಡುವೆ ಮರದ ನೆರಳು. ಶಿವನ ಗುಡಿಯಲ್ಲಿ ನಂದಿಯ ಬೆನ್ನ ಹಿಂದೆ ಬಗ್ಗಿ, ಅದರ ಕೋಡುಗಳ ನಡುವಿನಿಂದ ಲಿಂಗ ನೋಡುವುದು ನಮ್ಮ ಕಡೆಯ ಪದ್ಧತಿ. ಬಗ್ಗಿದಾಗ ನಂದಿಯ ಕುತ್ತಿಗೆಯ ಗೆಜ್ಜೆಸರ, ಬೆನ್ನ ಮೇಲಿನ ಹಗ್ಗದ ಕೆತ್ತನೆ ಕಣ್ಣಿಗೆ ಹತ್ತಿರವಾಗುತ್ತವೆ. ಹಳ್ಳಿಯ ಎತ್ತಿಗೆ ಬಸವ ಜಯಂತಿಯ ದಿನ ಕಟ್ಟುವ ಒಡವೆಯ ಜೊತೆ ಹೋಲಿಸಿ ನೋಡಿ. ತೀರ್ಥದ ನೀರಿಗೆ ಸಾಬೂನು, ಪ್ಲಾಸ್ಟಿಕ್ಕು ಬೇಡ. ಮಹಾಶಿವರಾತ್ರಿ ಮತ್ತು ಶ್ರಾವಣ ಸೋಮವಾರಗಳಂದು ಶಿವನ ಗುಡಿಗಳಲ್ಲಿ ಜನ ಹೆಚ್ಚು. ಶಿಲ್ಪ ನೋಡಲೆಂದೇ ಬರುವವರು ಆ ದಿನಗಳನ್ನು ಬಿಟ್ಟು ಬರಲಿ.

ಮಳೆಗಾಲದ ಮಾತು ಹೇಳಲೇಬೇಕು. ಖಾನಾಪುರ ತಾಲೂಕಿನ ಮಳೆ ಬೆಳಗಾವಿ ಊರಿನ ಮಳೆಯಂತಲ್ಲ. ಪಶ್ಚಿಮಕ್ಕೆ ಹೋದಷ್ಟೂ ಹೆಚ್ಚುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗುಡ್ಡದ ಕಲ್ಲು ಪಾಚಿಗಟ್ಟಿ ಜಾರುತ್ತದೆ, ಗುಡಿಯೊಳಗೆ ಹಗಲಿನಲ್ಲೇ ಕತ್ತಲೆ. ಹಸಿರು ನೋಡಲು ಚೆಂದ, ಶಿಲ್ಪ ನೋಡಲು ಅಲ್ಲ. ನವೆಂಬರ್‌ನಿಂದ ಫೆಬ್ರುವರಿ ತನಕ ಹದವಾದ ಕಾಲ. ಏಪ್ರಿಲ್‌ನಲ್ಲಿ ಬರಿಗಾಲಿಗೆ ಅಂಗಳದ ಕಲ್ಲು ಸುಡುತ್ತದೆ, ದಪ್ಪನೆಯ ಕಾಲುಚೀಲ ಜೊತೆಗಿರಲಿ. ಹೊತ್ತಿನ ಆಯ್ಕೆಯೂ ಮುಖ್ಯ. ಮುಂಜಾನೆಯ ಪೂಜೆಯ ಹೊತ್ತಿಗೆ ಹಲಸಿಯಲ್ಲಿದ್ದರೆ ಗರ್ಭಗುಡಿ ತೆರೆದಿರುತ್ತದೆ. ಇಳಿಹೊತ್ತಿನ ಓರೆ ಬಿಸಿಲಿಗೆ ಹೊರಗೋಡೆ ಮತ್ತು ಶಿಖರದ ಕೆಲಸ ಎದ್ದು ಕಾಣುತ್ತದೆ. ನಡುಮಧ್ಯಾಹ್ನವನ್ನು ರಾಮತೀರ್ಥದ ನೆರಳಿಗೆ, ಬುತ್ತಿಗೆ ಬಿಡಿ.

ಸ್ವಂತ ಗಾಡಿ ಇದ್ದವರು ಚೆನ್ನಮ್ಮನ ಕಿತ್ತೂರಿಗೆ ಸಮೀಪದ ದೇಗಾವಿಯ ಕಮಲನಾರಾಯಣ ಗುಡಿಯನ್ನೂ ಸೇರಿಸಿಕೊಳ್ಳಬಹುದು. ಶಿವಚಿತ್ತನ ರಾಣಿ ಕಮಲಾದೇವಿ ಕಟ್ಟಿಸಿದ್ದು, ತಿಪ್ಪೋಜ ಶಿಲ್ಪಿ. ಇಲ್ಲಿಯ ಶಾಸನ 1174ರದು, ಒಂದೇ ವಿಷಯವನ್ನು ಕನ್ನಡ ಲಿಪಿಯಲ್ಲೂ ನಾಗರಿಯಲ್ಲೂ ಬರೆಸಿದ್ದಾರೆ. ಮೂರು ಗರ್ಭಗುಡಿ, ಮಾಳಿಗೆಯಲ್ಲಿ ಕಮಲಗಳು. ಬೆಳಗಾವಿಯ ಬಸದಿಯ ಕಮಲವನ್ನು ನೋಡಿ ಬಂದವರಿಗೆ ಇದನ್ನು ನೋಡಲೇಬೇಕೆನಿಸುತ್ತದೆ.

ಹಿಮಸಿಂಹ ಮತ್ತು ಜಿಂಕೆ

ಎರಡನೆಯ ದಿನ ಉತ್ತರ ಕನ್ನಡದ ಮುಂಡಗೋಡ. ಖಾನಾಪುರದಿಂದ ನಂದಗಡ, ಹಳಿಯಾಳದ ಕಡೆಯಿಂದ ಹೋಗಬಹುದು. ಬಸ್ಸಿನವರಿಗೆ ಹುಬ್ಬಳ್ಳಿ ಮೇಲಿನ ದಾರಿಯೇ ಅನುಕೂಲ. 1959ರ ನಂತರ ದೇಶ ಬಿಟ್ಟು ಬಂದ ಟಿಬೆಟನ್ನರಿಗೆ ಅಂದಿನ ಮೈಸೂರು ರಾಜ್ಯ ಕೊಟ್ಟ ಜಾಗದಲ್ಲಿ 1966ರಲ್ಲಿ ಈ ನೆಲೆ ಶುರುವಾಯಿತು. ಲ್ಹಾಸಾ ಸಮೀಪದ ಬೆಟ್ಟದ ಮೇಲೆ 1409ರಲ್ಲಿ ಸ್ಥಾಪನೆಯಾದ ಗಾಂಡೆನ್, ಇನ್ನೊಂದು ಬೆಟ್ಟದ ಬುಡದಲ್ಲಿ 1416ರಲ್ಲಿ ಎದ್ದ ಡ್ರೆಪುಂಗ್, ಈ ಎರಡೂ ಮಹಾಮಠಗಳು ಇಲ್ಲಿ ಮತ್ತೆ ಕಟ್ಟಿಕೊಂಡಿವೆ. ಬೆಟ್ಟ ಬಿಟ್ಟು ಬಂದರೂ ಬೆಟ್ಟದ ಪ್ರಾಣಿಗಳನ್ನು ಅವರು ಬಿಟ್ಟು ಬಂದಿಲ್ಲ.

ಅಂಗಳದಲ್ಲಿ ನಿಂತು ಮೊದಲು ಮಾಳಿಗೆಯ ಮೇಲೆ ನೋಡಿ. ಬಂಗಾರದ ಬಣ್ಣದ ಎಂಟು ಅರೆಗಳ ಚಕ್ರ, ಅದರ ಎರಡೂ ಬದಿಗೆ ಮೊಣಕಾಲೂರಿ ಮುಖವೆತ್ತಿದ ಜಿಂಕೆಗಳು. ಬುದ್ಧ ಮೊದಲ ಬಾರಿಗೆ ಉಪದೇಶ ಮಾಡಿದ್ದು ಸಾರನಾಥದ ಜಿಂಕೆವನದಲ್ಲಿ. ಎಂಟು ಅರೆಗಳೆಂದರೆ ಅಷ್ಟಾಂಗ ಮಾರ್ಗ. ಆ ದಿನದ ಮಾತನ್ನು ಕೇಳುತ್ತಿರುವವರಂತೆ ಜಿಂಕೆಗಳು ಕುಳಿತಿವೆ. ಬೆಳಗಾವಿಯ ಬಸದಿಯಲ್ಲಿ ಶಾಂತಿನಾಥನ ಲಾಂಛನವೆಂದು ಕಲಿತ ಜಿಂಕೆ ಇಲ್ಲಿ ಶ್ರೋತೃ.

ಬಾಗಿಲು, ಪೀಠಗಳ ಬಳಿ ಬಿಳಿಯ ಮೈ, ಹಸಿರುನೀಲಿ ಕೇಸರದ ಸಿಂಹ ಕಂಡರೆ ಅದು ಹಿಮಸಿಂಹ. ನಮ್ಮ ಕದಂಬರ ಸಿಂಹದಷ್ಟು ಸಿಟ್ಟು ಅದಕ್ಕಿಲ್ಲ, ನೆಗೆದಾಡುವ ಮರಿಯ ಉತ್ಸಾಹವಿದೆ. ಪಂಚಬುದ್ಧರ ಚಿತ್ರವಿದ್ದರೆ ಪೀಠಗಳ ಕೆಳಗೆ ನೋಡಿ. ವೈರೋಚನನಿಗೆ ಸಿಂಹ, ಅಕ್ಷೋಭ್ಯನಿಗೆ ಆನೆ, ರತ್ನಸಂಭವನಿಗೆ ಕುದುರೆ, ಅಮಿತಾಭನಿಗೆ ನವಿಲು, ಅಮೋಘಸಿದ್ಧಿಗೆ ಗರುಡ. ವಿಷ್ಣುವಿನ ಎದುರು ಕೈ ಮುಗಿದು ನಿಲ್ಲುವ ಅದೇ ಗರುಡ! ಗೋಡೆಯ ಮೇಲೆ ಆನೆ, ಅದರ ಮೇಲೆ ಕೋತಿ, ಅದರ ಮೇಲೆ ಮೊಲ, ತುದಿಯಲ್ಲಿ ಹಕ್ಕಿ ಇರುವ ಚಿತ್ರ ಕಂಡರೆ ಮಕ್ಕಳನ್ನು ಅಲ್ಲಿ ನಿಲ್ಲಿಸಿ. ನಾಲ್ವರಲ್ಲಿ ಹಿರಿಯರು ಯಾರು ಎಂಬ ಪ್ರಶ್ನೆ ಬಂತು. ತಾನು ಮರಿಯಾಗಿದ್ದಾಗ ಈ ಆಲದ ಮರ ಎಷ್ಟಿತ್ತು ಎಂದು ಒಬ್ಬೊಬ್ಬರೂ ಹೇಳಿದರು. ಹಕ್ಕಿ, ನಾನು ಹಣ್ಣು ತಿಂದು ಉದುರಿಸಿದ ಬೀಜದಿಂದ ಹುಟ್ಟಿದ್ದೇ ಈ ಮರ ಎಂದಿತು. ಅದಕ್ಕೇ ಅದರ ಜಾಗ ಎಲ್ಲರಿಗಿಂತ ಮೇಲೆ. ಜಾತಕ ಕಥೆಗಳಷ್ಟು ಹಳೆಯ ಕಥೆ ಇದು.

ಮಠಗಳೊಳಗೆ ಪ್ರದಕ್ಷಿಣೆ ಬಲಗಡೆಯಿಂದ, ನಮ್ಮ ಗುಡಿಗಳಂತೆಯೇ. ಪ್ರಾರ್ಥನಾ ಚಕ್ರಗಳನ್ನೂ ಅದೇ ದಿಕ್ಕಿಗೆ ತಿರುಗಿಸಬೇಕು. ಪಾಠ, ಪೂಜೆ ನಡೆಯುತ್ತಿದ್ದರೆ ಬಾಗಿಲ ಬಳಿಯೇ ಸದ್ದಿಲ್ಲದೆ ಕುಳಿತು ನೋಡಿ, ವಿಗ್ರಹಗಳ ಕಡೆ ಕಾಲು ಚಾಚಬೇಡಿ. ಭಿಕ್ಷುಗಳ ಫೋಟೋ ಕೇಳಿಯೇ ತೆಗೆಯಿರಿ. ಹಲಸಿಯ ಗರ್ಭಗುಡಿಗೂ ಇದೇ ಮಾತು ಅನ್ವಯ. ಎಲ್ಲಿಯೇ ಆಗಲಿ, ಕಲ್ಲಿನ ಪ್ರಾಣಿಯ ಮೇಲೆ ಮಕ್ಕಳನ್ನು ಕೂರಿಸಿ ಚಿತ್ರ ತೆಗೆಯಬೇಡಿ, ಕುಂಕುಮ, ಎಣ್ಣೆ ಹಚ್ಚಬೇಡಿ. ನೂರಾರು ಕೈಗಳ ಎಣ್ಣೆಗೆ ಕೆತ್ತನೆಯ ಸಂದುಗಳು ಮುಚ್ಚಿಹೋಗಿ, ಕಣ್ಣು ಮೂಗು ಕಾಣದಾದ ಶಿಲ್ಪಗಳು ನಮ್ಮ ಊರೂರಲ್ಲಿವೆ.

ನಿಮ್ಮೊಡನೆ ವಿದೇಶಿ ಪೌರತ್ವದ ನೆಂಟರಿದ್ದರೆ, ಅವರು ಮುಂಡಗೋಡದ ನೆಲೆಯಲ್ಲಿ ಉಳಿಯಲು ಕೇಂದ್ರ ಸರ್ಕಾರದ ಸಂರಕ್ಷಿತ ಪ್ರದೇಶ ಪರವಾನಗಿ ಪಡೆಯಬೇಕು. ಅದಕ್ಕೆ ಸಮಯ ಹಿಡಿಯುವುದರಿಂದ ಪ್ರಯಾಣಕ್ಕೆ ಬಹಳ ಮೊದಲೇ ಅರ್ಜಿ ಹಾಕಿಸಿ. ಭಾರತೀಯರಿಗೆ ಇದರ ಗೊಡವೆಯಿಲ್ಲ. ಟಿಬೆಟನ್ನರ ಹೊಸವರ್ಷ ಲೋಸಾರ್ ಫೆಬ್ರುವರಿ-ಮಾರ್ಚ್ ಹೊತ್ತಿಗೆ ಬರುತ್ತದೆ. ಆಗ ನೋಡಲು ಬಹಳವಿದೆ, ಕೋಣೆ ಸಿಗುವುದು ಕಷ್ಟ, ಮೊದಲೇ ಫೋನು ಮಾಡಿ ಹೊರಡಿ. ಮುಂಡಗೋಡದಲ್ಲಿ ಇಳಿದು ಆಟೋದವರಿಗೆ ಮಠದ ಹೆಸರಿನ ಬದಲು ಕ್ಯಾಂಪಿನ ಸಂಖ್ಯೆ ಹೇಳಿದರೆ ಬೇಗ ತಿಳಿಯುತ್ತದೆ: ಗಾಂಡೆನ್‌ಗೆ ಲಾಮಾ ಕ್ಯಾಂಪ್ 1, ಡ್ರೆಪುಂಗ್‌ಗೆ ಲಾಮಾ ಕ್ಯಾಂಪ್ 2.